ಹಳೆಯ ಫೋಟೊದೊಳಗೆ ನಾವೇ ನಿಲ್ಲುವುದು ಹೇಗೆ

ತನ್ನ ಭಾವಚಿತ್ರವನ್ನು ತಾನೇ ತೆಗೆದುಕೊಳ್ಳಬೇಕೆಂದು ಹೊರಟ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು, ಹೆಣ್ಣಿನ ಒಂದು ಹಳೆಯ ಚಿತ್ರವನ್ನು ಹುಡುಕಿಕೊಂಡು, ಅದರಲ್ಲಿರುವಂತೆಯೇ ಉಟ್ಟು ನಿಲ್ಲಿ ಎಂದು. ಹೆಣ್ಣು ಹೇಗೆ ಕಾಣಬೇಕೆಂಬುದನ್ನು ಕ್ಯಾಲೆಂಡರು, ಸಿನಿಮಾ ಪೋಸ್ಟರು, ಸ್ಟುಡಿಯೊ ಫೋಟೊಗಳು ನಾವು ಹುಟ್ಟುವ ಮೊದಲೇ ತೀರ್ಮಾನಿಸಿರುತ್ತವೆ. ಅದು ನಮಗೆ ಎಲ್ಲಿ ಒಪ್ಪುತ್ತದೆ, ಎಲ್ಲಿ ಬಿಗಿಯುತ್ತದೆ ಎಂಬುದು ತೊಟ್ಟು ನೋಡಿದರಷ್ಟೇ ತಿಳಿಯುತ್ತದೆ.

ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಬರೋಡದಲ್ಲಿ ಶಿಲ್ಪಕಲೆ ಕಲಿತು, 1990ರ ದಶಕದಲ್ಲಿ ತಾವೇ ವೇಷ ತೊಟ್ಟು ಕ್ಯಾಮೆರಾದ ಮುಂದೆ ನಿಂತವರು. 2000ರಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಂದಿಗೆ ರೂಪಿಸಿದ ದಕ್ಷಿಣ ಭಾರತದ ಸ್ತ್ರೀಯರ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯೂ ಅವರೇ, ಬಿಜಾಪುರದ ಚಿಕಣಿ ವರ್ಣಚಿತ್ರದ ಯೋಗಿನಿಯೂ ಅವರೇ, ವಸಾಹತು ಕಾಲದ ಜನಾಂಗ ಅಧ್ಯಯನದ ಫೋಟೊಗಳಲ್ಲಿರುವಂತೆ ಚೌಕುಳಿ ಪರದೆಯ ಮುಂದೆ ಅಳತೆಗೆ ನಿಂತ ಹೆಣ್ಣೂ ಅವರೇ. ಪೂಜೆಗೊಳ್ಳುವವಳಿಗೂ ಅಳತೆಗೊಳಗಾಗುವವಳಿಗೂ ಒಂದೇ ಮುಖವಿರುವುದನ್ನು ಕಂಡಾಗ ಎದೆ ಝಲ್ಲೆನ್ನುತ್ತದೆ. ಅಮೆರಿಕದ ಕಲಾವಿದೆ ಸಿಂಡಿ ಶರ್ಮನ್ ತಾವೇ ವೇಷ ತೊಟ್ಟು 1977ರಿಂದ 1980ರವರೆಗೆ ತೆಗೆದ ಕಪ್ಪುಬಿಳುಪು ಸರಣಿಯ ದಾರಿ ಬೇರೆ: ಅಲ್ಲಿನ ನಾಯಕಿಯರು ಯಾವುದೋ ಸಿನಿಮಾದಲ್ಲಿ ನಾವು ನೋಡಿದವರಂತೆಯೇ ಕಾಣುತ್ತಾರೆ, ಆದರೆ ಅವರು ಯಾವ ಸಿನಿಮಾದವರೂ ಅಲ್ಲ. ಹೊಸಬರಿಗೆ ಪುಷ್ಪಮಾಲಾ ಅವರ ದಾರಿಯೇ ಒಳ್ಳೆಯದು, ಏಕೆಂದರೆ ಹೋಲಿಸಿ ನೋಡಲು ಕೈಯಲ್ಲೊಂದು ಮೂಲವಿರುತ್ತದೆ.

ಆ ಮೂಲವನ್ನು ಮನೆಯ ಆಲ್ಬಮ್ಮಿನಿಂದಲೇ ಆರಿಸಿಕೊಳ್ಳಿ. ಬೇರೆ ಸಮುದಾಯದ ಉಡುಗೆಯನ್ನು ಚಂದಕ್ಕೆಂದು ತೊಡುವುದು ನನಗೆ ಸರಿಕಾಣುವುದಿಲ್ಲ. ನಾನು ಆರಿಸಿಕೊಂಡದ್ದು, ಗಂಡಿನ ಕಡೆಯವರಿಗೆ ಕಳಿಸಲೆಂದು ತೆಗೆಸಿದ್ದ ಚಿಕ್ಕಮ್ಮನ ಫೋಟೊ. ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ಬಿಟ್ಟಿದೆ, ಎಡಗೈ ಸೆರಗಿನ ಅಂಚು ಹಿಡಿದಿದೆ, ಬಲಗೈ ಟೀಪಾಯಿಯ ಮೇಲಿದೆ. ಹಾಗೆಯೇ ನಿಲ್ಲಲು ಹೋದಾಗ, ಟೀಪಾಯಿ ಮುಟ್ಟಬೇಕಾದರೆ ಬಲಭುಜವನ್ನು ಇಳಿಸಲೇಬೇಕಾಯಿತು, ಅದರೊಂದಿಗೆ ಕತ್ತು ತಾನಾಗಿ ಬಾಗಿತು. ಚಿಕ್ಕಮ್ಮನ ನಾಚಿಕೆಯೆಂದು ಮನೆಮಂದಿಯೆಲ್ಲ ಇಷ್ಟು ವರ್ಷ ಮೆಚ್ಚಿಕೊಂಡಿದ್ದದ್ದು ಆ ಟೀಪಾಯಿಯ ಎತ್ತರವನ್ನು. ಆದ್ದರಿಂದ ಕೈ, ಪಾದ, ಭುಜ, ದೃಷ್ಟಿ ಪ್ರತಿಯೊಂದೂ ಎಲ್ಲಿದೆಯೆಂದು ಮೊದಲು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಸೀರೆ ಉಡಿ.

ಮೊಬೈಲ್ ಸಾಕು, ಆದರೆ ಟ್ರೈಪಾಡ್ ಬೇಕು. ಹಿಂಬದಿಯ ಕ್ಯಾಮೆರಾವನ್ನೇ ಬಳಸಿ, ಎದೆಮಟ್ಟದ ಎತ್ತರದಲ್ಲಿರಿಸಿ, ಪೂರ್ತಿ ನಿಲುವಿಗೆ ಸುಮಾರು 3 ಮೀಟರ್ ದೂರ ಬಿಡಿ. ವೈಡ್ ಲೆನ್ಸ್ ಅಂಚಿನಲ್ಲಿರುವ ಕೈಕಾಲುಗಳನ್ನು ಎಳೆದು ತೋರಿಸುವುದರಿಂದ ಅದನ್ನು ಬಳಸಬೇಡಿ. ನೀವು ನಿಲ್ಲುವ ಜಾಗದಲ್ಲಿ ಕುರ್ಚಿಯ ಮೇಲೆ ಅದೇ ಸೀರೆಯನ್ನು ಹರಡಿ, ಪರದೆಯ ಮೇಲೆ ಅದನ್ನು ಒತ್ತಿಹಿಡಿದರೆ ಎಷ್ಟೋ ಫೋನ್‌ಗಳಲ್ಲಿ ಫೋಕಸ್ ಅಲ್ಲೇ ನಿಲ್ಲುತ್ತದೆ. ಟೈಮರ್ 10 ಸೆಕೆಂಡಿಗಿರಲಿ. ಕಿಟಕಿಗೆ ಬಿಳಿ ಪಂಚೆ ಕಟ್ಟಿದರೆ ಬೆಳಕು ಮೃದುವಾಗುತ್ತದೆ. ನೆರಳಿನ ಬದಿಗೆ ಥರ್ಮಾಕೋಲ್ ಹಲಗೆ ನಿಲ್ಲಿಸಿದರೆ ಮುಖದ ಕಪ್ಪು ತಗ್ಗುತ್ತದೆ.

ಮೂಲದಂತೆಯೇ ಬರುವವರೆಗೆ ತೆಗೆಯುತ್ತ ಹೋಗಿ, ಬಳಿಕ ಒಂದನ್ನು ಮಾತ್ರ ಬದಲಿಸಿ. ನಾನು ಟೀಪಾಯಿಯನ್ನು ಅಲ್ಲೇ ಬಿಟ್ಟು ಕೈಯನ್ನಷ್ಟೇ ತೆಗೆದೆ. ಎರಡೂ ಚಿತ್ರಗಳನ್ನು ಒಂದೇ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಚಿಕ್ಕಮ್ಮನ ಫೋಟೊದ ಪಕ್ಕದಲ್ಲಿಟ್ಟು, ಅವರಿಗೇ ಮೊದಲು ತೋರಿಸಿದೆ.