ಊರಿನಿಂದ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವವರಿಗೆ: ನಿವೃತ್ತರ ಆರೋಗ್ಯ ವಿಮೆ

ತಂದೆ-ತಾಯಿ ಮುಂಬೈಗೋ ಪುಣೆಗೋ ಬಂದು ನೆಲೆಸಿದರೂ ಅವರ ಪಾಲಿಸಿ ಊರಿನ ವಿಳಾಸದಲ್ಲೇ ಉಳಿದಿರುತ್ತದೆ. ಹಲವು ಖಾಸಗಿ ಕಂಪನಿಗಳು ಊರುಗಳನ್ನು ಝೋನ್‌ಗಳಾಗಿ ವಿಂಗಡಿಸಿ ಪ್ರೀಮಿಯಂ ನಿಗದಿ ಮಾಡುತ್ತವೆ. ಮುಂಬೈ ಸಾಮಾನ್ಯವಾಗಿ ದುಬಾರಿ ಝೋನ್. ಗದಗದ ದರದಲ್ಲಿ ಕೊಂಡ ಪಾಲಿಸಿಯಲ್ಲಿ ಮುಂಬೈಯಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ಕೈಯಿಂದ ಕಟ್ಟಬೇಕಾಗಬಹುದು. ಬಂದ ಕೂಡಲೇ ವಿಳಾಸ ಬದಲಿಸಿ, ವ್ಯತ್ಯಾಸದ ಹಣ ಕಟ್ಟಿ, ಅದರ ಎಂಡಾರ್ಸ್‌ಮೆಂಟ್ ಪತ್ರ (ಪಾಲಿಸಿಯಲ್ಲಿ ಬದಲಾವಣೆ ಆಗಿದೆ ಎಂದು ಕಂಪನಿ ಕೊಡುವ ಪತ್ರ) ಇಟ್ಟುಕೊಳ್ಳಿ.

ಏಜೆಂಟ್ ಹೇಳಿದನೆಂದು ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ, ಪಿಂಚಣಿದಾರರ ಆರೋಗ್ಯ ಯೋಜನೆ), ಇಸಿಎಚ್‌ಎಸ್ (ಮಾಜಿ ಸೈನಿಕರದು) ಕಾರ್ಡನ್ನಾಗಲಿ ಬ್ಯಾಂಕಿನ ಸಮೂಹ ಪಾಲಿಸಿಯನ್ನಾಗಲಿ ಕೈಬಿಡಬೇಡಿ. ಬ್ಯಾಂಕ್ ನಿವೃತ್ತರ ಆಸ್ಪತ್ರೆ ಖರ್ಚು ಬ್ಯಾಂಕುಗಳು ಮತ್ತು ನೌಕರ ಸಂಘಗಳ ನಡುವಿನ 2015ರ ಒಪ್ಪಂದದ ನಂತರ ವಿಮೆಯ ದಾರಿ ಹಿಡಿಯಿತು, ಪ್ರೀಮಿಯಂ ಏರಿತು, ಅದರ ಹೊರೆ ಬಹುಪಾಲು ನಿವೃತ್ತರ ಹೆಗಲಿಗೇ ಬಿತ್ತು. ಅದರ ಬಗ್ಗೆ ಅವರ ಸಿಟ್ಟು ನ್ಯಾಯವೇ. ಆದರೆ ಹೊಸ ಖಾಸಗಿ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಬಹುದು, ಅರವತ್ತೆಂಟರ ವಯಸ್ಸಿಗೆ ವಿಮೆ ಬೇಕಾಗುವುದೇ ಆ ಮೂರು ವರ್ಷದಲ್ಲಿ. ಖಾಸಗಿಯದು ಬೇಕೆಂದರೆ ಹಳೆಯದರ ಮೇಲೆ ಸೂಪರ್ ಟಾಪ್-ಅಪ್ ಆಗಿ (ವರ್ಷದ ಖರ್ಚು ಒಂದು ಮಿತಿ ದಾಟಿದ ಮೇಲೆ ಹೆಚ್ಚುವರಿಯನ್ನು ಕೊಡುವ ಪಾಲಿಸಿ) ಇರಲಿ. ಫಾರಂ ಏಜೆಂಟ್ ತುಂಬಿದರೂ ಸಹಿಗೆ ಮುನ್ನ ಓದಿ: ಬಿಪಿ, ಶುಗರ್ ಬಿಟ್ಟುಹೋಗಿದ್ದರೆ ಕ್ಲೈಮ್ ಬೀಳುವುದು ಅಲ್ಲಿಯೇ. 60 ದಾಟಿದವರ ವೈಯಕ್ತಿಕ ಪಾಲಿಸಿಯ ಪ್ರೀಮಿಯಂ ಅನ್ನು ವಿಮಾ ನಿಯಂತ್ರಕರನ್ನು ಕೇಳದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂಬುದು 2025ರ ಜನವರಿಯ ಆದೇಶ.

ಹೆಚ್ಚು ಜನ ಎಡವುವುದು ರೂಮ್ ಬಾಡಿಗೆಯಲ್ಲಿ. 5 ಲಕ್ಷದ ಪಾಲಿಸಿಯಲ್ಲಿ ಬಾಡಿಗೆಗೆ ವಿಮಾ ಮೊತ್ತದ ಶೇ. 1ರ ಮಿತಿ ಎಂದರೆ ದಿನಕ್ಕೆ 5,000 ರೂಪಾಯಿ. 10,000ದ ರೂಮ್ ಹಿಡಿದರೆ ಡಾಕ್ಟರ್ ಫೀ, ಆಪರೇಷನ್ ಥಿಯೇಟರ್ ಶುಲ್ಕದಲ್ಲೂ ಅರ್ಧ ಕಡಿತವಾಗಬಹುದು. ಔಷಧಿ, ಇಂಪ್ಲಾಂಟ್, ತಪಾಸಣೆಗೆ ಈ ಕತ್ತರಿ ಹಾಕುವಂತಿಲ್ಲ, ಹಾಕಿದ್ದರೆ ಕೇಳಿ.

70 ದಾಟಿದವರಿಗೆ ಆದಾಯ ಎಷ್ಟೇ ಇರಲಿ, ಆಧಾರ್ ತೋರಿಸಿ ಕೇಂದ್ರ ಸರ್ಕಾರದ ಆಯುಷ್ಮಾನ್ ವಯ ವಂದನ ಕಾರ್ಡ್ ಮಾಡಿಸಿ: ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಖಾಸಗಿ ವಿಮೆ ಇದ್ದವರಿಗೂ ಸಿಗುತ್ತದೆ. ಸಿಜಿಎಚ್‌ಎಸ್, ಇಸಿಎಚ್‌ಎಸ್‌ನವರು ಎರಡರಲ್ಲಿ ಒಂದನ್ನು ಆರಿಸಬೇಕು. ಮನೆ ಹತ್ತಿರದ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಡಿ, ದೊಡ್ಡ ಆಸ್ಪತ್ರೆಗಳು ಇಲ್ಲದಿರುವುದೂ ಉಂಟು. ಗೋವಾ ಸರ್ಕಾರದ ಆರೋಗ್ಯ ವಿಮೆಯಾದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಗೆ ಐದು ವರ್ಷದ ವಾಸ ಬೇಕು, ಹೊಸಬರು ಅದನ್ನು ನಂಬಿ ಕೂರಬಾರದು.

ಕ್ಯಾಶ್‌ಲೆಸ್ (ಆಸ್ಪತ್ರೆಗೆ ಕಂಪನಿಯೇ ನೇರವಾಗಿ ಹಣ ಕಟ್ಟುವ) ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ, ಡಿಸ್ಚಾರ್ಜ್‌ಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು. ನಿರಾಕರಿಸಿದರೆ ಕಾರಣವನ್ನು ಬರಹದಲ್ಲೇ ಪಡೆಯಿರಿ. ಮೊದಲು ಕಂಪನಿಗೇ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಿ. ಮುಂಬೈ, ಪುಣೆ ಎರಡರಲ್ಲೂ ಕಚೇರಿಯಿದೆ. ಗೋವಾದವರು ಪುಣೆಗೆ ಬರೆಯಬೇಕು. ಶುಲ್ಕವಿಲ್ಲ, ವಕೀಲರು ಬೇಡ, ಆದರೆ ಕಂಪನಿಯ ನಿರಾಕರಣೆ ಬಂದ ಒಂದು ವರ್ಷದೊಳಗೆ ಅರ್ಜಿ ಅಲ್ಲಿ ತಲುಪಿರಬೇಕು.