ಮಾಳಿಗೆ ಮೇಲೊಂದು ಡಿಶ್, ತಿಂಗಳ ಬಾಡಿಗೆ ಇಲ್ಲದೆ ಭಾರತದ ಮ್ಯಾಚ್

ಭಾರತದ ಪುರುಷರ ತಂಡದ ಏಕದಿನ, ಟಿ20 ಪಂದ್ಯಗಳನ್ನು ಖಾಸಗಿ ವಾಹಿನಿಗಳು 2007ರ ಕಾಯ್ದೆಯಂತೆ ದೂರದರ್ಶನಕ್ಕೂ ಕೊಡಬೇಕು. ಆದರೆ ಕೇಬಲ್‌ನಲ್ಲಿ ಡಿಡಿ ಸ್ಪೋರ್ಟ್ಸ್ ಹಾಕಿದರೆ ಆ ಹೊತ್ತಿಗೆ ಬೇರೆ ಕಾರ್ಯಕ್ರಮ ಬರುತ್ತದೆ. ಹೀಗೆ ಸಿಕ್ಕ ಮ್ಯಾಚನ್ನು ಕೇಬಲ್‌ಗೆ ಕೊಡುವಂತಿಲ್ಲ ಎಂದ 2017ರ ಸುಪ್ರೀಂ ಕೋರ್ಟ್ ತೀರ್ಪು ಅದಕ್ಕೆ ಕಾರಣ, ಕೇಬಲ್‌ನವರ ತಪ್ಪಲ್ಲ. ಮ್ಯಾಚ್ ಸಿಗುವುದು ದೂರದರ್ಶನದವರ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ. ಐಪಿಎಲ್‌ಗೆ ಮಾತ್ರ ಈ ಕಡ್ಡಾಯವಿಲ್ಲ. ಅದೇ ಬೇಕೆಂದರೆ ಕೇಬಲ್ ಬಿಡಬೇಡಿ.

ಬೇಕಾದದ್ದು 60 ಸೆಂ.ಮೀ. ಡಿಶ್, ಯುನಿವರ್ಸಲ್ ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂರಿಸಿ ಸಿಗ್ನಲ್ ಹಿಡಿಯುವ ಚಿಕ್ಕ ಉಪಕರಣ), ಆರ್‌ಜಿ-6 ವೈರು, ಎಂಪೆಗ್-4 ಸೆಟ್‌ಟಾಪ್ ಬಾಕ್ಸ್. ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವ. ಹುಬ್ಬಳ್ಳಿ-ಧಾರವಾಡದಿಂದ ಅದು ಆಗ್ನೇಯಕ್ಕೆ, ಉತ್ತರದಿಂದ ಸುಮಾರು 128 ಡಿಗ್ರಿ, 62 ಡಿಗ್ರಿ ಎತ್ತರದಲ್ಲಿದೆ. ಪಕ್ಕದ ಮನೆ ಅಷ್ಟಾಗಿ ಅಡ್ಡ ಬರದು, ತೆಂಗಿನ ಗರಿ ಬಂದೀತು. ಡಿಶ್‌ನ ಮುಖ ಇರಬೇಕಾದ್ದಕ್ಕಿಂತ ನೆಟ್ಟಗಿದ್ದಂತೆ ಕಾಣುತ್ತದೆ. ಎಲ್‌ಎನ್‌ಬಿ ನಡುವಲ್ಲದೆ ಕೆಳಬದಿಗಿರುವ ಈ ಆಫ್‌ಸೆಟ್ ಡಿಶ್ ಇರುವುದೇ ಹಾಗೆ, ಮೇಲಕ್ಕೆ ಬಗ್ಗಿಸಬೇಡಿ.

ಕಂಬ ನೆಟ್ಟಗಿರಲಿ. ಬಾಕ್ಸ್‌ನಲ್ಲಿ ಫ್ರೀಕ್ವೆನ್ಸಿ 11090, ಪೋಲರೈಸೇಶನ್ ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ, ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸಿ ಎರಡು-ಮೂರು ಸೆಕೆಂಡ್ ನಿಲ್ಲಿ. ನೋಡಬೇಕಾದದ್ದು ಕ್ವಾಲಿಟಿ ಗೆರೆ. ಸ್ಟ್ರೆಂತ್ ಗೆರೆ ಎಲ್‌ಎನ್‌ಬಿಗೆ ಕರೆಂಟ್ ತಲುಪಿದರೂ ಸಾಕು, ಏರುತ್ತದೆ, ಉಪಗ್ರಹ ಸಿಕ್ಕಿತೆಂದಲ್ಲ.

ಏನೂ ಬರದಿದ್ದರೆ ಮೊದಲು ವೈರಿನ ತುದಿಯ ಕನೆಕ್ಟರ್ ಬಿಚ್ಚಿ. ವೈರಿನ ಹೊರಸುತ್ತಿನ ಲೋಹದ ಜಾಳಿಗೆಯ ಒಂದೇ ಒಂದು ಎಳೆ ನಡುವಿನ ತಾಮ್ರದ ತಂತಿಗೆ ತಾಗಿದರೂ ಶಾರ್ಟ್. ಮುಂಗಾರಿನಲ್ಲಿ ಅದರೊಳಗೆ ನೀರಿಳಿದು ತಾಮ್ರ ಹಸಿರುಗಟ್ಟುತ್ತದೆ. ಆ ತುದಿ ಕತ್ತರಿಸಿ ಹೊಸದು ಕಟ್ಟಿ, ಟೇಪ್ ಸುತ್ತಿ, ವೈರನ್ನು ಕೆಳಗೆ ಜೋತಾಡುವಂತೆ ಬಿಡಿ. ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ.