ಕತ್ತರಿಗಿಂತ ಮೊದಲು ಪೆನ್ಸಿಲು

ಅಪ್ಪ ತೀರಿಕೊಂಡ ಮೇಲೆ ಅಟ್ಟದಿಂದ ಇಳಿಸಿದ ಬಿಸ್ಕತ್ತಿನ ಡಬ್ಬಿಯ ತುಂಬ ಪತ್ರಿಕೆಯ ಚೂರುಗಳಿದ್ದವು. ಹೆಚ್ಚಿನವು ಆರ್. ಕೆ. ಲಕ್ಷ್ಮಣ್ ಅವರ ಪಾಕೆಟ್ ಕಾರ್ಟೂನುಗಳು, ಅಂದರೆ ಆ ದಿನದ ಸುದ್ದಿಯನ್ನು ಚುಚ್ಚುವ ಪುಟ್ಟ ವ್ಯಂಗ್ಯಚಿತ್ರಗಳು. ಲಕ್ಷ್ಮಣ್ ನಮ್ಮ ಮೈಸೂರಿನವರು, ‘ಕೊರವಂಜಿ’ ಹಾಸ್ಯಪತ್ರಿಕೆಗೆ ಚಿತ್ರ ಬರೆದವರು ಎಂದು ಅಪ್ಪನಿಗೆ ಹೆಮ್ಮೆ. ಆದರೆ ಅಪ್ಪನದು ಅವಸರದ ಕತ್ತರಿ. ಒಂದು ಚೂರಿನಲ್ಲಿ ಮಂತ್ರಿಯೊಬ್ಬ ಕೈಚಾಚಿ ಏನೋ ಹೇಳುತ್ತಿದ್ದಾನೆ, ಅಡಿಬರಹವೇ ಇಲ್ಲ. ಮೂಲೆಯಲ್ಲಿ ಲಕ್ಷ್ಮಣ್ ಅವರ ಖಾಯಂ ಪಾತ್ರ, ಚೌಕಳಿ ಕೋಟಿನ ‘ಸಾಮಾನ್ಯ ಮನುಷ್ಯ’ ನಿಂತಿದ್ದಾನೆ. ಅವನನ್ನು ಕೇಳೋಣವೆಂದರೆ 1951ರಿಂದಲೂ ಬಾಯಿಬಿಟ್ಟವನಲ್ಲ.

ನೀವೂ ವ್ಯಂಗ್ಯಚಿತ್ರ ಕೂಡಿಡುವವರಾದರೆ ಕತ್ತರಿ ಹಿಡಿಯುವ ಮುನ್ನ ಪೆನ್ಸಿಲು ಹಿಡಿಯಿರಿ. ಚಿತ್ರದ ಅಂಚಿನಲ್ಲಿ ತಾರೀಕು, ಪತ್ರಿಕೆಯ ಹೆಸರು, ಪುಟ ಬರೆಯಿರಿ. ಶಾಯಿ ಬೇಡ, ಈ ಕಾಗದದಲ್ಲಿ ಹರಡುತ್ತದೆ. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ತಾರೀಕಿನ ಮೊಹರು ಒತ್ತಿದವಳ ಚಾಳಿ ಎಂದು ಮನೆಯವರು ನಗುತ್ತಾರೆ, ನಗಲಿ. ಚಾರ್ಲ್ಸ್ ಶುಲ್ಜ್ ಅವರ ಅಮೆರಿಕನ್ ಚಿತ್ರಸರಣಿ ‘ಪೀನಟ್ಸ್’ಗೆ ತಾರೀಕು ಇಲ್ಲದಿದ್ದರೂ ನಡೆಯುತ್ತದೆ. ಚಾರ್ಲಿ ಬ್ರೌನ್ ಒದೆಯಲು ಓಡಿಬರುತ್ತಿದ್ದಂತೆ ಲೂಸಿ ಚೆಂಡು ಎಳೆದುಕೊಳ್ಳುವುದಕ್ಕೆ ಯಾವ ವರ್ಷವಾದರೇನು? ಪಾಕೆಟ್ ಕಾರ್ಟೂನು ಹಾಗಲ್ಲ. ಆ ದಿನದ ಸುದ್ದಿ ಮರೆತರೆ ನಗೆಯೂ ಹೋಯಿತು. ಹಾಗಾಗಿ ಸಂಬಂಧಪಟ್ಟ ಸುದ್ದಿಯ ತಲೆಬರಹವನ್ನೂ ಕತ್ತರಿಸಿ ಜೊತೆಗಿಡಿ.

ಕತ್ತರಿಸುವಾಗ ಸುತ್ತ ಒಂದು ಬೆರಳಿನಷ್ಟು ಅಂಚು ಬಿಡಿ. ಅಂಟಿಸುವ ಆಸೆಯನ್ನು ಅಲ್ಲಿಗೇ ಬಿಡಿ. ಅಪ್ಪ ಸೆಲ್ಲೋಟೇಪು ಹಾಕಿದ್ದ ಕಡೆಯಲ್ಲೆಲ್ಲ ಪ್ಲಾಸ್ಟಿಕ್ಕು ಉದುರಿ, ಗೋಂದು ಕಾಫಿ ಚೆಲ್ಲಿದಂತೆ ಕಂದಾಗಿ ಕುಳಿತಿದೆ. ಮೈದಾ ಅಂಟು ಹಾಕಿದರೆ ಜಿರಲೆಗೆ ಊಟ ಬಡಿಸಿದಂತೆ. ಹಳೆಯ ಫೋಟೊ ಆಲ್ಬಮ್ಮಿನ ಹಾಗೆ ನಾಲ್ಕು ಮೂಲೆಗೆ ಕಾಗದದ ತ್ರಿಕೋನಗಳನ್ನು ಮಾಡಿ, ಅದರೊಳಗೆ ಚೂರನ್ನು ಸಿಕ್ಕಿಸಿ. ಇದಕ್ಕೆ ಬೇಕಾದ, ಚೂರನ್ನು ಹಾಳುಮಾಡದ ಆಮ್ಲರಹಿತ ಕಾಗದ ಚಿತ್ರಕಲಾ ಸಾಮಗ್ರಿಯ ಅಂಗಡಿಯಲ್ಲಿ ಸಿಗುತ್ತದೆ, ಬೆಲೆ ತುಸು ಹೆಚ್ಚು.

ಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದರೆ ಹಳದಿಯಾಗಿ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದಾದರೆ ಜೆರಾಕ್ಸ್ ಪ್ರತಿಯನ್ನು ಹಾಕಿ, ಮೂಲವನ್ನು ಕತ್ತಲಲ್ಲಿಡಿ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣವಿರಲಿ. ಮೊಬೈಲಿನಲ್ಲಿ ಫೋಟೊ ತೆಗೆಯುವಾಗ ಫ್ಲ್ಯಾಷ್ ಆರಿಸಿ, ಕಿಟಕಿಯ ಬೆಳಕು ಸಾಕು.

ಅಂಟಿಸಬೇಡಿ ಎನ್ನುವುದಕ್ಕೆ ಇನ್ನೊಂದು ಕಾರಣ ಚೂರಿನ ಹಿಂಬದಿ. ತಾರೀಕಿಲ್ಲದ ಹಳೆಯ ಚೂರು ಸಿಕ್ಕರೆ ಮೊದಲು ಮಗುಚಿ ನೋಡಿ. ಸಿನಿಮಾ ಜಾಹೀರಾತು, ಕ್ರಿಕೆಟ್ ಸ್ಕೋರು, ಏನಾದರೊಂದು ಸುಳಿವು ಕೊಡುತ್ತದೆ. ಅದನ್ನು ಹಿಡಿದು ಗ್ರಂಥಾಲಯದಲ್ಲಿ ಆ ತಿಂಗಳ ಪತ್ರಿಕೆಗಳನ್ನು ತಿರುವಬಹುದು. ಆ ಮಂತ್ರಿಯ ಚೂರನ್ನೂ ಮಗುಚಿದೆ. ಕಬ್ಬಿಣದ ಪೈಪುಗಳ ಟೆಂಡರ್ ಪ್ರಕಟಣೆ, ಅರ್ಜಿಗೆ ಕಡೆಯ ದಿನ ಆಗಸ್ಟ್ 12. ವರ್ಷವಿದ್ದ ಜಾಗದಲ್ಲಿ ಅಪ್ಪನ ಕತ್ತರಿ ಆಡಿದೆ.